ಮರಿ ತರುವ ಮುನ್ನ ಅದರ ತಾಯಿಯನ್ನು ನೋಡಿದ್ದೀರಾ?

ಕಳೆದ ವರ್ಷ ನಮ್ಮ ಪಕ್ಕದ ಮನೆಗೆ ಒಂದು ಲ್ಯಾಬ್ರಡಾರ್ ಮರಿ ಬಂತು. ಮಗಳ ಹತ್ತನೇ ಹುಟ್ಟುಹಬ್ಬಕ್ಕೆ ಅಪ್ಪ ತಂದದ್ದು. ಇನ್‌ಸ್ಟಾಗ್ರಾಮಿನಲ್ಲಿ ಫೋಟೋ ನೋಡಿ ಮುಂಗಡ ಕಳಿಸಿದ್ದರು. ಮಾರುವವರು ರಿಂಗ್ ರೋಡಿನ ಒಂದು ಪೆಟ್ರೋಲ್ ಬಂಕ್ ಹತ್ತಿರ ಬರಲು ಹೇಳಿದರಂತೆ. ಬೈಕಿನಲ್ಲಿ ಬಂದ ಹುಡುಗ ರಟ್ಟಿನ ಪೆಟ್ಟಿಗೆಯಿಂದ ಮರಿ ಎತ್ತಿ ಕೊಟ್ಟ. ಜೊತೆಗೆ ಒಂದು ಲಸಿಕೆ ಕಾರ್ಡು ಕೊಟ್ಟ. ಅದರಲ್ಲಿ ತಾರೀಕು ಇತ್ತು, ವೈದ್ಯರ ಸಹಿ ಇರಲಿಲ್ಲ.

ಮೂರನೇ ದಿನ ಮರಿ ಹಾಲು ಮುಟ್ಟಲಿಲ್ಲ. ನಾಲ್ಕನೇ ರಾತ್ರಿ ವಾಂತಿ, ಆಮೇಲೆ ರಕ್ತ ಬೆರೆತ ಭೇದಿ. ನಾನೂ ಅವರ ಜೊತೆ ಆಸ್ಪತ್ರೆಗೆ ಹೋಗಿದ್ದೆ. ವೈದ್ಯರು ಹತ್ತಿಯ ಕಡ್ಡಿಯಲ್ಲಿ ಮಲದ ಮಾದರಿ ತೆಗೆದು ಸಣ್ಣ ಕಿಟ್ಟಿನ ಮೇಲೆ ಹನಿ ಹಾಕಿದರು. ಎರಡು ಗೆರೆ ಮೂಡಿತು. ಮರಿಗಳ ಕರುಳಿಗೆ ಹತ್ತುವ ಅಂಟುರೋಗ, ಪಾರ್ವೊ. ಡ್ರಿಪ್ ಹಾಕಲು ಕಾಲಿನ ಕೂದಲು ಬೋಳಿಸಿದಾಗ ಆ ಕಾಲು ನನ್ನ ಹೆಬ್ಬೆರಳಿನಷ್ಟೂ ದಪ್ಪ ಇರಲಿಲ್ಲ. ಆರನೇ ದಿನ ಬೆಳಗ್ಗೆ ಮರಿ ಹೋಯಿತು. ಮಾರಿದವನ ಫೋನು ಸ್ವಿಚ್ ಆಫ್.

ಅವರು ಕೆಟ್ಟ ಜನ ಅಲ್ಲ. ಪ್ರೀತಿಯಿಂದಲೇ ತಂದಿದ್ದರು, ದುಡ್ಡನ್ನೂ ಕೊಟ್ಟಿದ್ದರು. ಆದರೆ ಏನು ಕೇಳಬೇಕು, ಏನು ನೋಡಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. 2025ರ ಆಗಸ್ಟ್‌ನಲ್ಲಿ ಬೀದಿ ನಾಯಿಗಳ ಬಗ್ಗೆ ಸುಪ್ರೀಂ ಕೋರ್ಟ್ ಆದೇಶ ಬಂದಾಗಿನಿಂದ ಮನೆಮನೆಯಲ್ಲೂ ನಾಯಿಯ ಮಾತೇ. ದತ್ತು ತೆಗೆದುಕೊಳ್ಳಬಹುದಾ, ಇಲ್ಲ ಕೊಂಡು ತರೋದೇ ವಾಸಿನಾ ಅಂತ ತುಂಬಾ ಜನ ಕೇಳುತ್ತಿದ್ದಾರೆ. ಹಾಗಾಗಿ ಮೊದಲಿಂದ ಶುರು ಮಾಡೋಣ.

"45 ದಿನದ ಮರಿ" ಅನ್ನುವ ಜಾಹೀರಾತು

ನಾಯಿಮರಿ ಮಾರಾಟದ ಯಾವುದೇ ಜಾಹೀರಾತು ತೆಗೆದು ನೋಡಿ. "45 ದಿನದ ಮರಿಗಳು ಲಭ್ಯ" ಅಂತ ಇರುತ್ತದೆ. ಎಲ್ಲರೂ ಬರೆಯುವುದರಿಂದ ಅದೇ ಸರಿಯಾದ ವಯಸ್ಸು ಅಂದುಕೊಂಡಿದ್ದೇವೆ. ಆದರೆ ಎಂಟು ವಾರ ತುಂಬದ ಮರಿಯನ್ನು ಬ್ರೀಡರ್, ಅಂದರೆ ಮರಿ ಹಾಕಿಸಿ ಮಾರುವವರು, ಮಾರುವ ಹಾಗಿಲ್ಲ ಎಂದು ಕೇಂದ್ರ ಸರ್ಕಾರದ 2017ರ ನಿಯಮ ಹೇಳುತ್ತದೆ. ಎಂಟು ವಾರ ಅಂದರೆ 56 ದಿನ. ಅಂದರೆ ಆ ಜಾಹೀರಾತಿನಲ್ಲೇ ತಪ್ಪು ಒಪ್ಪಿಕೊಂಡ ಹಾಗಾಯಿತು.

ಹನ್ನೊಂದು ದಿನದಲ್ಲಿ ಏನು ಮಹಾ ವ್ಯತ್ಯಾಸ ಅನ್ನಿಸಬಹುದು. ಗಿಣ್ಣು ಹಾಲು ಗೊತ್ತಲ್ವಾ? ಹಸು ಕರು ಹಾಕಿದ ಮೇಲೆ ಮೊದಲು ಬರುವ ಗಟ್ಟಿ ಹಾಲು. ನಾಯಿಯಲ್ಲೂ ಹಾಗೆಯೇ. ಹುಟ್ಟಿದ ಮೊದಲ ದಿನ ಕುಡಿದ ಆ ಹಾಲಿನಿಂದಲೇ ಮರಿಗೆ ರೋಗ ತಡೆಯುವ ಶಕ್ತಿ ಬರುತ್ತದೆ. ಅದು ತಾಯಿಯಿಂದ ಎರವಲು ಪಡೆದ ಕೊಡೆ ಇದ್ದ ಹಾಗೆ. ಆರು ವಾರ ದಾಟಿದ ಮೇಲೆ ಆ ಕೊಡೆ ನಿಧಾನಕ್ಕೆ ಹರಿಯುತ್ತಾ ಬರುತ್ತದೆ. ಮರಿಗೆ ಸ್ವಂತ ಕೊಡೆ ಕೊಡುವುದು ಲಸಿಕೆ. ತಾಯಿಯ ಕೊಡೆ ಇನ್ನೂ ಗಟ್ಟಿಯಾಗಿದ್ದಾಗ ಲಸಿಕೆ ಹಾಕಿದರೆ ಅದು ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ಆರರಿಂದ ಎಂಟು ವಾರಕ್ಕೆ ಶುರು ಮಾಡಿ, ಮೂರು-ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ಆಗುವ ತನಕ ಹಾಕಿಸಬೇಕು. ಒಂದು ಕೊಡೆ ಹೋಗಿ ಇನ್ನೊಂದು ಬರುವ ನಡುವಿನ ಆ ಸಮಯದಲ್ಲಿ ಮರಿ ನೆನೆಯುತ್ತದೆ. ಪಾರ್ವೊ ಬರುವುದು ಹೆಚ್ಚಾಗಿ ಆಗಲೇ.

ಆ ಸಮಯದಲ್ಲೇ ಮರಿಯನ್ನು ತಾಯಿಯಿಂದ ಬಿಡಿಸಿ, ಪೆಟ್ಟಿಗೆಯಲ್ಲಿ ಹಾಕಿ, ಹತ್ತಾರು ಮರಿ ಓಡಾಡಿದ ಜಾಗದಲ್ಲಿ ಇಟ್ಟು ಮಾರುತ್ತಾರೆ. ಪಾರ್ವೊ ವೈರಸ್ ದೇಹ ಸೇರಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಮನೆಗೆ ಬಂದ ಮೂರನೇ ದಿನ ಊಟ ಬಿಟ್ಟ ಮರಿಗೆ ಬಹುಮಟ್ಟಿಗೆ ಮನೆಗೆ ಬರುವ ಮೊದಲೇ ರೋಗ ಹತ್ತಿರುತ್ತದೆ. ಪಕ್ಕದ ಮನೆಯ ಹುಡುಗಿ ತಾನು ಸ್ನಾನ ಮಾಡಿಸಿದ್ದರಿಂದಲೇ ಮರಿ ಸತ್ತಿತು ಅಂತ ಎಷ್ಟೋ ದಿನ ಅತ್ತಿದ್ದಳು. ಇದನ್ನು ಬಿಡಿಸಿ ಹೇಳಿದ ಮೇಲೆ ಸ್ವಲ್ಪ ಸಮಾಧಾನ ಆಯಿತು.

ರೋಗದ್ದು ಒಂದಾದರೆ, ಬುದ್ಧಿ ಬೆಳೆಯುವುದು ಇನ್ನೊಂದು. ಮೂರನೇ ವಾರದಿಂದ ಹನ್ನೆರಡನೇ ವಾರದ ತನಕ ಮರಿ ಲೋಕ ಕಲಿಯುತ್ತದೆ. ಜೋರಾಗಿ ಕಚ್ಚಿದರೆ ಅಣ್ಣತಮ್ಮ ಕಿರುಚಿ ಆಟ ಬಿಡುತ್ತಾರೆ, ತಾಯಿ ಗದರುತ್ತಾಳೆ. ಎಷ್ಟು ಕಚ್ಚಿದರೆ ಜಾಸ್ತಿ ಅಂತ ಮರಿ ಕಲಿಯುವುದು ಹೀಗೆ. ಈ ಪಾಠ ತಪ್ಪಿದ ಮರಿ ಮುಂದೆ ನಿಮ್ಮ ಕೈ ಕಚ್ಚಿದರೆ ತಪ್ಪು ಅದರದ್ದಲ್ಲ.

ಮಾರುವವರಿಗೆ 45 ದಿನ ಯಾಕೆ ಇಷ್ಟ? ಮೊದಲ ಲಸಿಕೆಯ ಖರ್ಚು ಉಳಿಯುತ್ತದೆ. ಹಾಲು ಬಿಟ್ಟು ಗಟ್ಟಿ ಆಹಾರ ತಿನ್ನಲು ಶುರು ಮಾಡುವ ಹೊತ್ತಿಗೆ ಮರಿ ಕೈಬಿಟ್ಟರೆ ಆ ಖರ್ಚೂ ಉಳಿಯುತ್ತದೆ. ಚಿಕ್ಕದಾದಷ್ಟೂ ಮುದ್ದು, ಬೇಗ ಮಾರಾಟ.

ಬ್ರೀಡರ್ ಅಂದರೆ ಯಾರು?

ನಾಯಿಗಳನ್ನು ಕೂಡಿಸಿ, ಮರಿ ಹಾಕಿಸಿ ಮಾರುವವರು ಬ್ರೀಡರ್. ಇವರೆಲ್ಲ ಒಂದೇ ಥರ ಇರುವುದಿಲ್ಲ. ಒಂದು ತಳಿಯ ಮೇಲೆ ನಿಜವಾದ ಅಭಿಮಾನ ಇಟ್ಟುಕೊಂಡವರಿದ್ದಾರೆ. ಒಂದೆರಡು ನಾಯಿ ಸಾಕಿ, ಯಾವಾಗಲೋ ಒಮ್ಮೆ ಮರಿ ಹಾಕಿಸಿ, ಕೊಳ್ಳುವವರನ್ನೇ ಹತ್ತು ಪ್ರಶ್ನೆ ಕೇಳಿ ಮರಿ ಕೊಡುತ್ತಾರೆ. ಇಂಥವರು ಕಡಿಮೆ. ಮನೆಯಲ್ಲಿ ಒಂದು ಹೆಣ್ಣು ನಾಯಿ ಇದೆ, ಮೇಟಿಂಗ್ ಮಾಡಿಸಿದರೆ ಒಂದಿಷ್ಟು ದುಡ್ಡು ಬರುತ್ತದೆ ಅಂತ ಯೋಚಿಸುವವರು ಜಾಸ್ತಿ. ಅವರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ, ಗೊತ್ತೂ ಇರುವುದಿಲ್ಲ. ಮೂರನೆಯವರು ಇದನ್ನೇ ಕಾರ್ಖಾನೆಯ ಥರ ನಡೆಸುವವರು. ಶೆಡ್ಡು, ಮಹಡಿ, ಬಾಡಿಗೆ ಮನೆಯ ಹಿಂದಿನ ಕೋಣೆಗಳಲ್ಲಿ ಹತ್ತಿಪ್ಪತ್ತು ನಾಯಿ ಕೂಡಿಟ್ಟು ವರ್ಷಪೂರ್ತಿ ಮರಿ ಹಾಕಿಸುತ್ತಾರೆ. ಇವರ ಮತ್ತು ನಿಮ್ಮ ನಡುವೆ ದಲ್ಲಾಳಿ ಇರುತ್ತಾನೆ. ಪೆಟ್ರೋಲ್ ಬಂಕ್ ಹತ್ತಿರ ಬೈಕಿನಲ್ಲಿ ಬರುವವನು ಅವನೇ. ಮರಿ ಎಲ್ಲಿ ಹುಟ್ಟಿತು ಅಂತ ಅವನಿಗೂ ಗೊತ್ತಿರಲಿಕ್ಕಿಲ್ಲ.

ತಾಯಿ ನಾಯಿಯ ಲೆಕ್ಕ

ಹಳ್ಳಿಯಲ್ಲಿ ದನದ ಜಾತ್ರೆಗೆ ಹೋದವರಿಗೆ ಗೊತ್ತಿರುತ್ತದೆ. ಹಸು ಕೊಳ್ಳುವ ರೈತ ಬಾಯಿ ತೆಗೆಸಿ ಹಲ್ಲು ನೋಡುತ್ತಾನೆ. ಎಷ್ಟನೇ ಸೂಲು ಅಂತ ಕೇಳುತ್ತಾನೆ. ಕೆಚ್ಚಲು ಮುಟ್ಟಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಅದೇ ಮನೆಯ ಮಗ ಬೆಂಗಳೂರಿಗೆ ಬಂದು ಇಪ್ಪತ್ತು ಸಾವಿರ ಕೊಟ್ಟು ನಾಯಿಮರಿ ತರುವಾಗ ಫೋಟೋ ಒಂದನ್ನೇ ನೋಡುತ್ತಾನೆ. ಅಪ್ಪನ ಹತ್ತಿರ ಇದ್ದ ಜಾಣತನ ಇಲ್ಲಿಗೂ ಬೇಕು. ತಾಯಿಯನ್ನು ನೋಡಿದರೆ ಅರ್ಧ ಕತೆ ತಿಳಿಯುತ್ತದೆ.

ಹೆಣ್ಣು ನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ. ಗರ್ಭ ಸುಮಾರು 63 ದಿನ. ಲ್ಯಾಬ್ರಡಾರ್‌ನಂಥ ದೊಡ್ಡ ತಳಿ ಒಂದು ಸೂಲಿಗೆ ಆರೇಳು ಮರಿ ಹಾಕುವುದು ಮಾಮೂಲು. ಒಂದು ಮರಿ 15 ಸಾವಿರಕ್ಕೆ ಹೋಯಿತು ಅಂದುಕೊಳ್ಳಿ. ಏಳು ಮರಿಗೆ 1 ಲಕ್ಷ 5 ಸಾವಿರ. ವರ್ಷಕ್ಕೆ ಎರಡು ಸೂಲಾದರೆ 2 ಲಕ್ಷ 10 ಸಾವಿರ. ತಾಯಿಗೆ ಒಳ್ಳೆಯ ಊಟ ಹಾಕಿದಷ್ಟೂ, ಸ್ಕ್ಯಾನ್ ಮಾಡಿಸಿದಷ್ಟೂ, ವಿಶ್ರಾಂತಿ ಕೊಟ್ಟಷ್ಟೂ ಲಾಭ ಕಡಿಮೆ. ಕ್ರೌರ್ಯ ಹುಟ್ಟುವುದು ಈ ಲೆಕ್ಕದಲ್ಲೇ.

ನಿಯಮ ಈ ಲೆಕ್ಕಕ್ಕೇ ಕಡಿವಾಣ ಹಾಕಲು ನೋಡಿದೆ. ಹದಿನೆಂಟು ತಿಂಗಳು ತುಂಬದ ಹೆಣ್ಣು ನಾಯಿಗೆ ಮರಿ ಹಾಕಿಸಬಾರದು. ಎಂಟು ವರ್ಷ ದಾಟಿದ ಮೇಲೂ ಬಾರದು. ಹನ್ನೆರಡು ತಿಂಗಳಲ್ಲಿ ಒಂದೇ ಸೂಲು. ಜೀವಮಾನದಲ್ಲಿ ಐದು ಸೂಲು ಮೀರಬಾರದು. ಪ್ರತಿ ಬೆದೆಗೂ ಮರಿ ಹಾಕಿಸಿದರೆ ಈ ಐದು ಸೂಲು ಎರಡು-ಎರಡೂವರೆ ವರ್ಷದಲ್ಲೇ ಮುಗಿದುಹೋಗುತ್ತದೆ. ಆಮೇಲೂ ನಿಲ್ಲಿಸದವರಿದ್ದಾರೆ.

ಇಂಥ ಒಂದು ಕೋಣೆಯನ್ನು ನಾನು ನೋಡಿದ್ದೇನೆ. ನಗರದ ಹೊರಗೆ, ಒಂದು ಗೋದಾಮಿನ ಮೇಲಿನ ಮಹಡಿ. ರಕ್ಷಣೆಗೆ ಹೋದವರ ಜೊತೆ ಸಾಮಾನು ಹೊರಲು ಹೋಗಿದ್ದೆ. ಒಳಗೆ ಕಾಲಿಟ್ಟರೆ ಮೂತ್ರದ ವಾಸನೆಗೆ ಕಣ್ಣು ಉರಿಯುತ್ತಿತ್ತು. ಒಂದು ಹಳದಿ ಲ್ಯಾಬ್ರಡಾರ್ ತಂತಿ ಪಂಜರದಲ್ಲಿ ಮಲಗಿತ್ತು. ಮೊಲೆಗಳು ನೆಲಕ್ಕೆ ಜೋತುಬಿದ್ದಿದ್ದವು. ಮೊಣಕೈ ಮೇಲೆ ಕೂದಲು ಉದುರಿ ಚರ್ಮ ಆನೆಯ ಚರ್ಮದಂತೆ ದಪ್ಪಗಾಗಿತ್ತು. ಉಗುರು ಬೆಳೆದು ಸುತ್ತಿಕೊಂಡಿತ್ತು, ಏಕೆಂದರೆ ಸವೆಯುವಷ್ಟು ನಡೆದೇ ಇರಲಿಲ್ಲ. ಬಾಗಿಲು ತೆಗೆದಾಗ ಅದು ಓಡಿ ಬರಲಿಲ್ಲ. ಪಂಜರದ ಅಂಚಿಗೆ ಬಂದು ಮುಂಗಾಲು ಹೊರಗಿಟ್ಟು, ನೆಲ ತಾಗಿದ ಕೂಡಲೇ ಒಳಗೆ ಎಳೆದುಕೊಂಡಿತು. ಅವಳ ಮರಿಗಳ ಫೋಟೋಗಳನ್ನು ಮಾತ್ರ ಗುಲಾಬಿ ಬಣ್ಣದ ಟವೆಲಿನ ಮೇಲೆ ಇಟ್ಟು ತೆಗೆಯುತ್ತಿದ್ದರು. ಆ ಟವೆಲು ಅಲ್ಲೇ ಮೊಳೆಗೆ ನೇತುಹಾಕಿತ್ತು.

ಒಂದೇ ರಕ್ತದಲ್ಲಿ ಕೂಡಿಸಿದರೆ

ಕಾರ್ಖಾನೆಯಂಥ ಜಾಗಗಳಲ್ಲಿ ಇರುವ ನಾಲ್ಕಾರು ನಾಯಿಗಳನ್ನೇ ಒಂದಕ್ಕೊಂದು ಕೂಡಿಸುತ್ತಾರೆ. ಅಪ್ಪ-ಮಗಳು, ಅಣ್ಣ-ತಂಗಿ ಅಂತ ನೋಡುವುದಿಲ್ಲ. ಹೊರಗಿನ ಗಂಡು ನಾಯಿ ತಂದರೆ ಖರ್ಚು. ವ್ಯಾಪಾರಕ್ಕಾಗಿ ಮರಿ ಹಾಕಿಸಲು ಹೊರದೇಶದಿಂದ ನಾಯಿ ತರುವುದನ್ನು ಕೇಂದ್ರ ಸರ್ಕಾರ 2016ರ ಏಪ್ರಿಲ್‌ನಲ್ಲೇ ತಡೆದಿದೆ. ಹಾಗಾಗಿ "ಇಂಪೋರ್ಟ್ ಲೈನ್", ಅಂದರೆ ಹೊರದೇಶದ ನಾಯಿಯ ವಂಶ, ಅಂತ ಯಾರಾದರೂ ಹೇಳಿದರೆ ಕಾಗದ ಕೇಳಿ.

ಹೀಗೆ ಒಂದೇ ರಕ್ತದಲ್ಲಿ ಕೂಡಿಸುವುದರಿಂದ ತೊಂದರೆ ಏನು? ದೇಹದ ಪ್ರತಿ ಗುಣಕ್ಕೂ ಮರಿಗೆ ಎರಡು ಪ್ರತಿ ಸಿಗುತ್ತದೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಮನೆಗೆ ಎರಡು ಬೀಗದ ಕೈ ಇದ್ದ ಹಾಗೆ. ಒಂದು ಮುರಿದರೂ ಇನ್ನೊಂದರಿಂದ ಬಾಗಿಲು ತೆಗೆಯಬಹುದು. ಎಲ್ಲ ನಾಯಿಗಳಲ್ಲೂ, ನಮ್ಮಲ್ಲೂ, ಇಂಥ ಕೆಲವು ಬೀಗದ ಕೈಗಳು ಮುರಿದಿರುತ್ತವೆ. ಇನ್ನೊಂದು ಸರಿ ಇರುವುದರಿಂದ ಗೊತ್ತಾಗುವುದಿಲ್ಲ. ಒಂದೇ ತಾಯಿಯ ಮಕ್ಕಳಲ್ಲಿ ಮುರಿದಿರುವುದು ಅದೇ ಕೈ ಆಗಿರುವ ಸಾಧ್ಯತೆ ಜಾಸ್ತಿ. ಅವರಿಬ್ಬರನ್ನು ಕೂಡಿಸಿದಾಗ ಮರಿಗೆ ಎರಡೂ ಮುರಿದ ಕೈಗಳೇ ಸಿಗಬಹುದು. ಆಗ ಬಾಗಿಲು ತೆರೆಯುವುದೇ ಇಲ್ಲ. ಹತ್ತಿರದ ಸಂಬಂಧದಲ್ಲಿ ಮದುವೆ ಬೇಡ ಅಂತ ವೈದ್ಯರು ನಮ್ಮ ಮನೆಗಳಲ್ಲಿ ಹೇಳುವುದೂ ಇದೇ ಕಾರಣಕ್ಕೆ.

ಲ್ಯಾಬ್ರಡಾರ್‌ಗಳಿಗೆ ಬರುವ ಒಂದು ಬಗೆಯ ಕುರುಡು ಹೀಗೇ ಬರುತ್ತದೆ. ಕಣ್ಣಿನ ಪರದೆ ನಿಧಾನಕ್ಕೆ ಸತ್ತು, ಮೊದಲು ಕತ್ತಲಲ್ಲಿ ಎಡವುತ್ತವೆ, ಆಮೇಲೆ ಹಗಲಲ್ಲೂ. ಲ್ಯಾಬ್ರಡಾರ್ ಮತ್ತು ಜರ್ಮನ್ ಶೆಫರ್ಡ್‌ಗಳಲ್ಲಿ ಸೊಂಟದ ಕೀಲು ಸರಿಯಾಗಿ ಕೂರದ ತೊಂದರೆ ಸಾಮಾನ್ಯ. ಇದಕ್ಕೆ ಬೇರೆ ಕಾರಣಗಳೂ ಇವೆ, ಆದರೆ ವಂಶದ ಪಾಲು ದೊಡ್ಡದು. ಇವೆಲ್ಲ 45 ದಿನದ ಮರಿಯಲ್ಲಿ ಕಾಣುವುದಿಲ್ಲ. ಒಂದೆರಡು ವರ್ಷ ಕಳೆದು, ಮನೆಯವರೆಲ್ಲ ಹಚ್ಚಿಕೊಂಡ ಮೇಲೆ ಕಾಣುತ್ತವೆ.

ಕೆಲವು ತಳಿಗಳಲ್ಲಿ ರೂಪವೇ ರೋಗ. ಪಗ್ ಅಂದರೆ ಕೆಲವರಿಗೆ ಗೊತ್ತಾಗಲಿಕ್ಕಿಲ್ಲ, "ಹಚ್ ನಾಯಿ" ಅಂದರೆ ಥಟ್ಟನೆ ಗೊತ್ತಾಗುತ್ತದೆ. 2003ರಲ್ಲಿ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ನಡೆಯುತ್ತಿದ್ದ ಆ ನಾಯಿ ದೇಶಕ್ಕೆಲ್ಲ ಇಷ್ಟವಾಯಿತು. ಎಲ್ಲರಿಗೂ ಅದೇ ಬೇಕಾಯಿತು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ, ಏದುಸಿರು ಬಿಟ್ಟು ಮೈ ತಂಪು ಮಾಡಿಕೊಳ್ಳುತ್ತದೆ. ಪಗ್‌ನ ಮೂಗು ಚಪ್ಪಟೆ, ಹೊಳ್ಳೆ ಕಿರಿದು, ಒಳಗಿನ ಅಂಗುಳ ಉದ್ದ. ಅದು ಗೊರಗೊರ ಅನ್ನುವುದನ್ನು ನಾವು ಮುದ್ದು ಅಂದುಕೊಳ್ಳುತ್ತೇವೆ. ಅದಕ್ಕೆ ಉಸಿರು ಸಾಲುತ್ತಿಲ್ಲ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಅದರ ಪಾಡು ಯೋಚಿಸಿ. ಹಿಮದ ನಾಡಿನ ಹಸ್ಕಿಯ ಕತೆಯೂ ಅಷ್ಟೇ.

"ಪೇಪರ್ ಇದೆ" ಅಂದರೆ ಏನು?

ಮಾರುವವರು "ವಿತ್ ಪೇಪರ್ ಇಷ್ಟು, ವಿತೌಟ್ ಪೇಪರ್ ಇಷ್ಟು" ಅಂತ ಎರಡು ಬೆಲೆ ಹೇಳುತ್ತಾರೆ. ಆ ಪೇಪರ್ ಅಂದರೆ ಕೆನಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿ ಪತ್ರ. ನಾಡಕಚೇರಿಯಲ್ಲಿ ವಂಶವೃಕ್ಷದ ಪತ್ರ ತೆಗೆಸುತ್ತೀರಲ್ಲ, ಹಾಗೆ. ಯಾರ ಮಗ, ಯಾರ ಮೊಮ್ಮಗ ಅಂತ ಅದರಲ್ಲಿ ಇರುತ್ತದೆ. ಮರಿ ಆರೋಗ್ಯವಾಗಿದೆ ಅಂತ ಇರುವುದಿಲ್ಲ. ಮಾರುವವರಿಗೆ ಮಾರಲು ಅನುಮತಿ ಇದೆ ಅಂತಲೂ ಇರುವುದಿಲ್ಲ.

ಅನುಮತಿ ಪತ್ರ ಬೇರೆ. 2017ರ ನಿಯಮದ ಪ್ರಕಾರ ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿ, ಆ ಪತ್ರವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ಸಾಕುಪ್ರಾಣಿ ಅಂಗಡಿಗಳಿಗೆ 2018ರ ನಿಯಮ ಇದೆ. ಅವರೂ ನೋಂದಾಯಿಸಲೇಬೇಕು. ಇನ್ನು ಮೈಕ್ರೋಚಿಪ್. ಅಕ್ಕಿ ಕಾಳಿನಷ್ಟು ಗಾತ್ರದ ಇದನ್ನು ಚರ್ಮದ ಕೆಳಗೆ ಸೂಜಿಯಲ್ಲಿ ಹಾಕುತ್ತಾರೆ. ಅದರಲ್ಲಿ 15 ಅಂಕಿಯ ಸಂಖ್ಯೆ ಇರುತ್ತದೆ, ನಮ್ಮ ಆಧಾರ್ ಸಂಖ್ಯೆ ಇದ್ದ ಹಾಗೆ. ಕೆಲವರು ಅಂದುಕೊಂಡಂತೆ ಅದರಿಂದ ನಾಯಿ ಎಲ್ಲಿದೆ ಅಂತ ಫೋನಿನಲ್ಲಿ ನೋಡಲು ಆಗುವುದಿಲ್ಲ.

ಕೊಂಡೇ ತರಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟು. ಮರಿ ಹುಟ್ಟಿದ ಜಾಗಕ್ಕೇ ಹೋಗಿ. ತಾಯಿಯನ್ನು ತೋರಿಸಿ ಅನ್ನಿ. "ತಾಯಿ ಊರಲ್ಲಿದೆ", "ಕಚ್ಚುತ್ತೆ, ಬರಬೇಡಿ", "ವಿಡಿಯೋ ಕಾಲ್ ಮಾಡ್ತೀನಿ" ಅಂದರೆ ಅಲ್ಲಿಂದ ವಾಪಸ್ ಬನ್ನಿ. ಎಷ್ಟನೇ ಸೂಲು, ಹಿಂದಿನದು ಯಾವಾಗ ಅಂತ ಕೇಳಿ. ಲಸಿಕೆ ಕಾರ್ಡಿನಲ್ಲಿ ಪಶುವೈದ್ಯರ ಸಹಿ, ನೋಂದಣಿ ಸಂಖ್ಯೆ ಇರಬೇಕು. ಬರೀ ಅಂದಕ್ಕಾಗಿ ಬಾಲ, ಕಿವಿ ಕತ್ತರಿಸಿದ ಡಾಬರ್‌ಮನ್ ನಾಯಿ ಇಟ್ಟಿದ್ದರೆ ಇನ್ನೇನೂ ಕೇಳಬೇಕಿಲ್ಲ. ಕಷ್ಟದ ಮಾತು ಒಂದಿದೆ. ನಿತ್ರಾಣವಾದ ಮರಿ ನೋಡಿ ಪಾಪ ಅನ್ನಿಸಿ, ಇದನ್ನಾದರೂ ಉಳಿಸೋಣ ಅಂತ ದುಡ್ಡು ಕೊಟ್ಟು ತರಬೇಡಿ. ನೀವು ಕೊಟ್ಟ ದುಡ್ಡು ಆ ತಾಯಿಯ ಮುಂದಿನ ಸೂಲಿಗೆ ಮುಂಗಡ ಆಗುತ್ತದೆ. ಫೋಟೋ, ವಿಳಾಸ ಇಟ್ಟುಕೊಂಡು ಪೊಲೀಸ್ ಠಾಣೆಗೆ, ಪ್ರಾಣಿ ಕಲ್ಯಾಣ ಮಂಡಳಿಗೆ, ಹತ್ತಿರದ ಪ್ರಾಣಿ ರಕ್ಷಣಾ ಸಂಸ್ಥೆಗೆ ದೂರು ಕೊಡಿ.

ದತ್ತು ಕೊಡುವ ನಾಯಿಗಳು ಎಲ್ಲಿಂದ ಬರುತ್ತವೆ?

ದಿಕ್ಕಿಲ್ಲದ ನಾಯಿಗಳನ್ನು ನೋಡಿಕೊಳ್ಳುವ ಶೆಲ್ಟರ್ ಅಂದರೆ ಮುದಿ, ಕುಂಟ, ರೋಗದ ನಾಯಿಗಳೇ ಅನ್ನುವ ಭಾವನೆ ಇದೆ. ಅಂಥವೂ ಇರುತ್ತವೆ. ಬೆಂಗಳೂರಿನ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್‌ಗೆ ಹೆಸರು ಬಂದದ್ದೇ ಮೂರು ಕಾಲಿನ ಒಂದು ನಾಯಿಯಿಂದ. ಆದರೆ ಒಮ್ಮೆ ಹೋಗಿ ನೋಡಿ. ಲ್ಯಾಬ್ರಡಾರ್, ಪಗ್, ಹಸ್ಕಿ, ಸೇಂಟ್ ಬರ್ನಾರ್ಡ್ ಎಲ್ಲ ಸಿಗುತ್ತವೆ. ಮರಿಯಾಗಿದ್ದಾಗ ತಂದು, ದೊಡ್ಡದಾದ ಮೇಲೆ ಬಿಟ್ಟವು. ಕೆಲಸ ಬದಲಾಯಿತು, ಮಗು ಆಯಿತು, ಮನೆ ಮಾಲೀಕರು ಒಪ್ಪಲಿಲ್ಲ, ಕೂದಲು ಉದುರುತ್ತದೆ. ಕಾರಣ ಹೇಳದೆ ರಾತ್ರಿ ಗೇಟಿಗೆ ಕಟ್ಟಿ ಹೋಗುವವರೂ ಇದ್ದಾರೆ. ಸಾಕಿದ ಪ್ರಾಣಿಯನ್ನು ಹೀಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಆದರೆ ಮೊದಲ ಸಲಕ್ಕೆ ದಂಡ ಇವತ್ತಿಗೂ 10ರಿಂದ 50 ರೂಪಾಯಿ. ಒಂದು ದೋಸೆಯ ದುಡ್ಡು.

1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಬೆಂಗಳೂರಿನಲ್ಲಿ ಶುರು ಮಾಡಿದ ಕ್ಯೂಪಾ ಸಂಸ್ಥೆ ಹೀಗೆ ಬಿಟ್ಟ ತಳಿ ನಾಯಿಗಳನ್ನೂ ನೋಡಿಕೊಳ್ಳುತ್ತದೆ, ಬೀದಿ ನಾಯಿಗಳನ್ನೂ. ಮೈಸೂರು, ಮಂಗಳೂರು, ಹುಬ್ಬಳ್ಳಿ ಕಡೆಗಳಲ್ಲೂ ಈ ಕೆಲಸ ಮಾಡುವವರು ಇದ್ದಾರೆ. ದೊಡ್ಡ ಶೆಲ್ಟರ್ ಇಲ್ಲದ ಊರಿನಲ್ಲಿ ಪಶುವೈದ್ಯರನ್ನೇ ಕೇಳಿ. ಯಾರ ಮನೆಯಲ್ಲಿ ಯಾವ ನಾಯಿಗೆ ಜಾಗ ಬೇಕಾಗಿದೆ ಅಂತ ಅವರಿಗೆ ಗೊತ್ತಿರುತ್ತದೆ.

ಕಂತ್ರಿ ಅನ್ನುವ ಹೆಸರು

ತಳಿ ನಾಯಿಗೆ "ಜಾತಿ ನಾಯಿ" ಅನ್ನುತ್ತೇವೆ. ನಮ್ಮ ಬೀದಿಯದ್ದಕ್ಕೆ "ಕಂತ್ರಿ". ಅದು ಕಂಟ್ರಿ ಅನ್ನುವ ಪದದಿಂದ ಬಂದದ್ದು, ನಾಡಿನದು ಅಂತ ಅಷ್ಟೇ ಅರ್ಥ. ಆದರೆ ನಮ್ಮ ಬಾಯಲ್ಲಿ ಬೈಗುಳ ಆಗಿಬಿಟ್ಟಿದೆ. ನನಗೆ ಇದು ತುಂಬಾ ನೋವಿನ ವಿಷಯ, ಏಕೆಂದರೆ ನಾಯಿಗೆ ಕಲ್ಲು ನೆಟ್ಟ ನಾಡು ನಮ್ಮದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಹತ್ತನೇ ಶತಮಾನದ ಶಾಸನವನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಗಂಗರ ದೊರೆ ಬೂತುಗ ಯುದ್ಧದಲ್ಲಿ ತನ್ನ ಕಡೆಯ ವೀರ ಮಣಲೆರನನ್ನು ಮೆಚ್ಚಿ ಏನು ಬೇಕು ಕೇಳು ಅಂದಾಗ, ಮಣಲೆರ ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯ ಜೊತೆ ಹೋರಾಡಿ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಕಲ್ಲಿನ ಮೇಲೆ ಹಂದಿಯ ಮೇಲೆರಗಿದ ಕಾಳಿ ಇವತ್ತಿಗೂ ಇದೆ.

ನಮ್ಮ ನಾಡಿನ ನಾಯಿಗಳು ಸಾವಿರಾರು ವರ್ಷದಿಂದ ಈ ಬಿಸಿಲು, ಈ ಮಳೆಗೆ ಹೊಂದಿಕೊಂಡು ಬಂದವು. ತಮ್ಮಷ್ಟಕ್ಕೆ ಕೂಡಿ ಬೆಳೆದದ್ದರಿಂದ ರಕ್ತ ಬೆರೆತಿದೆ, ಬೀಗದ ಕೈ ಎರಡೂ ಮುರಿದಿರುವ ಸಾಧ್ಯತೆ ಕಡಿಮೆ. ಚಿಕ್ಕ ಕೂದಲು, ಉದ್ದ ಮೂಗು, ಹದವಾದ ಮೈ. ರೋಗವೇ ಬರುವುದಿಲ್ಲ ಅಂತ ಅಲ್ಲ. ಪಾರ್ವೊ, ಡಿಸ್ಟೆಂಪರ್, ರೇಬೀಸ್ ಎಲ್ಲವೂ ಇವಕ್ಕೂ ಬರುತ್ತವೆ, ಲಸಿಕೆ ಬೇಕೇ ಬೇಕು. ಮುಧೋಳ ನಾಯಿಯೂ ನಮ್ಮದೇ ಹೆಮ್ಮೆ. ಅದನ್ನು ಉಳಿಸಲು ತಿಮ್ಮಾಪುರದಲ್ಲಿ ಸರ್ಕಾರಿ ಸಂಶೋಧನಾ ಕೇಂದ್ರವೇ ಇದೆ. ಆದರೆ ಅದು ಬಯಲಲ್ಲಿ ಓಡಲು ಹುಟ್ಟಿದ ನಾಯಿ. ಎರಡು ಕೋಣೆಯ ಫ್ಲಾಟಿನಲ್ಲಿ ಕೂಡಿಟ್ಟರೆ ಅದಕ್ಕೂ ಶಿಕ್ಷೆ, ನಿಮಗೂ.

2023ರ ಗಣತಿಯಲ್ಲಿ ಬೆಂಗಳೂರಿನಲ್ಲಿ ಸುಮಾರು 2.79 ಲಕ್ಷ ಬೀದಿ ನಾಯಿಗಳು ಸಿಕ್ಕವು. 2019ರಲ್ಲಿ 3.10 ಲಕ್ಷ ಇದ್ದವು. ಕಿವಿಯ ತುದಿ ಸ್ವಲ್ಪ ಕತ್ತರಿಸಿದಂತೆ ಕಂಡರೆ ಆ ನಾಯಿಗೆ ಸಂತಾನಹರಣ ಆಪರೇಶನ್ ಆಗಿದೆ ಅಂತ ಅರ್ಥ. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಕೊಟ್ಟ ಆದೇಶದಲ್ಲಿ ಬೀದಿ ನಾಯಿ ದತ್ತು ಬೇಕಾದವರು ಪಾಲಿಕೆಗೆ ಅರ್ಜಿ ಹಾಕಬಹುದು ಎಂದು ಹೇಳಿದೆ. ಒಮ್ಮೆ ಮನೆಗೆ ತಂದ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವುದು ತಂದವರ ಹೊಣೆ.

ನೀವೇ ಬೀದಿಯಿಂದ ಮರಿ ತರುವುದಾದರೂ 56 ದಿನದ ಲೆಕ್ಕ ಮರೆಯಬೇಡಿ. ತಾಯಿ ಹತ್ತಿರದಲ್ಲೇ ಇದ್ದರೆ ಅಲ್ಲಿಯ ತನಕ ಅಲ್ಲೇ ಬಿಟ್ಟು, ತಾಯಿಗೆ ಊಟ ಹಾಕಿ. ತಂದ ದಿನವೇ ವೈದ್ಯರ ಹತ್ತಿರ ಜಂತುಹುಳದ ಔಷಧಿ, ಉಣ್ಣೆಗೆ ಮದ್ದು, ಮುಂದಿನ ಲಸಿಕೆಗಳ ತಾರೀಕು ಬರೆಸಿಕೊಳ್ಳಿ. ರೇಬೀಸ್ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳಿಗೆ.

ದತ್ತು ತೆಗೆದುಕೊಳ್ಳುವುದು ಹೇಗೆ?

ಶೆಲ್ಟರಿನವರು ಫಾರ್ಮ್ ಕೊಡುತ್ತಾರೆ. ಮನೆಯಲ್ಲಿ ಯಾರ್ಯಾರು ಇದ್ದೀರಿ, ನಾಯಿ ದಿನಕ್ಕೆ ಎಷ್ಟು ಗಂಟೆ ಒಂಟಿ ಇರುತ್ತದೆ, ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ, ಸ್ವಂತ ಮನೆಯಾ ಬಾಡಿಗೆಯಾ ಅಂತೆಲ್ಲ ಕೇಳುತ್ತಾರೆ. ಆಮೇಲೆ ಮನೆ ನೋಡಲು ಬರುತ್ತಾರೆ. ಬಾಲ್ಕನಿಗೆ ಗ್ರಿಲ್ ಇದೆಯಾ, ಗೇಟಿನ ಸಂದಿ ಎಷ್ಟಿದೆ ಅಂತ ನೋಡುತ್ತಾರೆ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬೇಕು. ಸಂತಾನಹರಣ ಮಾಡಿಸುತ್ತೇನೆ, ಮರಿ ಹಾಕಿಸುವುದಿಲ್ಲ, ಬೇರೆಯವರಿಗೆ ಕೊಡುವುದಿಲ್ಲ ಅಂತ ಬರೆಸಿಕೊಳ್ಳುತ್ತಾರೆ.

ಕೆಲವರಿಗೆ ಇದು ಅವಮಾನ ಅನ್ನಿಸುತ್ತದೆ. "ಬೀದಿ ನಾಯಿ ತರೋಕೆ ಇಷ್ಟೆಲ್ಲಾನಾ?" ಅನ್ನುತ್ತಾರೆ. ಆ ನಾಯಿ ಒಮ್ಮೆ ಮನೆ ಕಳೆದುಕೊಂಡಿದೆ. ಇನ್ನೊಮ್ಮೆ ಕಳೆದುಕೊಳ್ಳಬಾರದು ಅನ್ನುವುದಕ್ಕೆ ಅಷ್ಟು ಪ್ರಶ್ನೆ. ದತ್ತಿನ ಹೆಸರಲ್ಲಿ ಹೆಣ್ಣು ನಾಯಿ ತೆಗೆದುಕೊಂಡು ಹೋಗಿ ಮರಿ ಹಾಕಿಸುವ ಬ್ರೀಡರ್‌ಗಳೂ ಬರುತ್ತಾರೆ. ಹಾಗೆಯೇ, ನಾಯಿಯನ್ನು ತೋರಿಸದೆ "ಉಚಿತ ದತ್ತು, ಸಾಗಣೆ ಖರ್ಚು ಮಾತ್ರ ಕಳಿಸಿ" ಅಂತ ಮೆಸೇಜ್ ಬಂದರೆ ಅದು ಮೋಸ.

ದತ್ತು ಅಂದರೆ ಪುಕ್ಕಟೆ ಅಲ್ಲ. ನಾಯಿಗೆ ದುಡ್ಡು ಕೊಡುವುದಿಲ್ಲ, ನಿಜ. ಆದರೆ ಊಟ, ವರ್ಷವರ್ಷದ ಲಸಿಕೆ, ಆಸ್ಪತ್ರೆ ಎಲ್ಲ ಕೊಂಡ ನಾಯಿಗಿದ್ದಷ್ಟೇ ಇರುತ್ತದೆ. ಹತ್ತು ಹನ್ನೆರಡು ವರ್ಷದ ಮಾತು. ಈಗ ಆಗುವುದಿಲ್ಲ ಅನ್ನಿಸಿದರೆ ಬೇಡ. ಕೆಲವು ವಾರ ಮನೆಯಲ್ಲಿಟ್ಟು ನೋಡಿಕೊಳ್ಳುವ ಫಾಸ್ಟರ್ ಆಗಬಹುದು. ಅಪಾರ್ಟ್‌ಮೆಂಟಿನಲ್ಲಿ ನಾಯಿ ಸಾಕಬಾರದು ಅಂತ ಸಂಘದವರು ಹೇಳಿದರೆ, ಅವರು ಹಾಗೆ ನಿಷೇಧಿಸುವ ಹಾಗಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಹೊರಗೆ ಕರೆದೊಯ್ದಾಗ ಬೆಲ್ಟ್ ಹಾಕುವುದು, ಮಲ ಎತ್ತುವುದು ಮಾತ್ರ ನಮ್ಮ ಜವಾಬ್ದಾರಿ.

ದೊಡ್ಡ ನಾಯಿ ಹೊಂದಿಕೊಳ್ಳುತ್ತದಾ?

ಇದು ಎಲ್ಲರೂ ಕೇಳುವ ಪ್ರಶ್ನೆ. ಶೆಲ್ಟರಿನವರು ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ಒಂದು ಅಂದಾಜು ಹೇಳುತ್ತಾರೆ. ಮೂರು ದಿನ ಹೆದರಿಕೆ. ಮೂರು ವಾರಕ್ಕೆ ಊಟದ ಹೊತ್ತು, ವಾಕಿಂಗ್ ಹೊತ್ತು ಗೊತ್ತಾಗುತ್ತದೆ. ಮೂರು ತಿಂಗಳಿಗೆ ಇದು ನನ್ನ ಮನೆ ಅನ್ನಿಸುತ್ತದೆ. ಮೊದಲ ದಿನಗಳಲ್ಲಿ ನೆಂಟರನ್ನು ಕರೆಯಬೇಡಿ, ಮೇಲೆ ಬಿದ್ದು ಮುದ್ದು ಮಾಡಬೇಡಿ. ಒಂದು ಮೂಲೆ ಅದಕ್ಕೇ ಅಂತ ಬಿಡಿ. ಸುಮ್ನೆ ಪಕ್ಕದಲ್ಲಿ ಕೂತು ಪೇಪರ್ ಓದಿ.

ಪಕ್ಕದ ಮನೆಯವರಿಗೆ ಇನ್ನೊಂದು ಸಮಸ್ಯೆ ಇತ್ತು. ಪಾರ್ವೊ ವೈರಸ್ ನೆಲದಲ್ಲಿ, ಚಾಪೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಫಿನಾಯಿಲ್ ಹಾಕಿ ಒರೆಸಿದರೆ ಸಾಯುವುದಿಲ್ಲ, ಬ್ಲೀಚ್ ಬೇಕು. ಲಸಿಕೆ ಮುಗಿಯದ ಇನ್ನೊಂದು ಮರಿಯನ್ನು ಈ ಮನೆಗೆ ತರಲೇಬೇಡಿ ಅಂದಿದ್ದರು ವೈದ್ಯರು. ಎಲ್ಲ ಲಸಿಕೆ ಆದ ದೊಡ್ಡ ನಾಯಿಗೆ ಆ ಭಯ ಇಲ್ಲ. ಹಾಗಾಗಿ ನಾಲ್ಕು ತಿಂಗಳ ನಂತರ ಅವರು ಶೆಲ್ಟರಿನಿಂದ ಒಂದು ಹೆಣ್ಣು ಲ್ಯಾಬ್ರಡಾರ್ ತಂದರು. ಯಾರೋ ಬ್ರೀಡರ್ ಬಿಟ್ಟದ್ದು. ವೈದ್ಯರು ಹಲ್ಲು ನೋಡಿ ಐದು ವರ್ಷ ಇರಬಹುದು ಅಂದರು. ಎಷ್ಟು ಸೂಲಾಗಿದೆ ಅಂತ ಯಾರಿಗೂ ಗೊತ್ತಿಲ್ಲ.

ಅವಳಿಗೆ ಮೆಟ್ಟಿಲು ಹತ್ತಲು ಬರುತ್ತಿರಲಿಲ್ಲ. ನಮ್ಮದು ಎರಡನೇ ಮಹಡಿ, ಲಿಫ್ಟ್ ಇಲ್ಲ. ಮೊದಲ ವಾರ ಹುಡುಗಿಯ ಅಪ್ಪ ದಿನಕ್ಕೆ ಮೂರು ಸಲ ಎತ್ತಿಕೊಂಡೇ ಇಳಿಸಿ ಹತ್ತಿಸುತ್ತಿದ್ದರು. ಆಮೇಲೆ ಹುಡುಗಿ ಒಂದೊಂದು ಮೆಟ್ಟಿಲಿನ ಮೇಲೂ ಬೇಯಿಸಿದ ಮೊಟ್ಟೆಯ ಚೂರು ಇಟ್ಟು, ತಾನು ಎರಡು ಮೆಟ್ಟಿಲು ಮೇಲೆ ಕೂತು ಕಾಯುತ್ತಿದ್ದಳು. ಒಂದು ಮೆಟ್ಟಿಲು, ಎರಡು ಮೆಟ್ಟಿಲು. ಹನ್ನೊಂದನೇ ದಿನ ಸಂಜೆ ನಾನು ಬೀಗ ತೆಗೆಯುತ್ತಿದ್ದಾಗ ಕೆಳಗಿನಿಂದ ಉಗುರಿನ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಅವಳು ಒಬ್ಬಳೇ ಹತ್ತಿ ಬಂದು ಅವರ ಬಾಗಿಲ ಮುಂದೆ ಕೂತಿದ್ದಳು, ಇನ್ನೂ ಏದುಸಿರು ಬಿಡುತ್ತಾ.